ಹೆಸರಿನ ಕಾಲು

ಬ್ಯಾಡಗಿ ಪ್ಯಾಟ್ಯಾಗ, ಅಡತಿ ಅಂಗಡಿಯ ಹೊಸ ಪರದೆ ಮ್ಯಾಲೆ
ಮಲ್ಲವ್ವ ‘ಮಲವ’ ಆಗ್ಯಾಳ.
ತೊಟ್ಟು ಮುರಿಯೋ ಹೆಣ್ಮಕ್ಕಳು ನಕ್ಕರು, ಸೀನಿದರು, ಮತ್ತ ನಕ್ಕರು.
ಆಕಿ ನಗಲಿಲ್ಲ:
“ನನ್ನ ಹೆಸರಿನ ಕಾಲು ಯಾಕ ಕಡದಿ, ತಂಗಿ?”

ಅಗಲ ಹಿಗ್ಗಿಸಿದೆ, ಪಗಾರದ ಖಾನೆ ಗಾಜಿನಾಚೆ ಹೋತು.
ಅಕ್ಷರ ಕುಗ್ಗಿಸಿದೆ, ಯಾರಿಗೂ ಕಾಣವಲ್ದು.
ಪೆಟ್ಟಿಗ್ಯಾಗ ಪೆಟ್ಟಿಗಿ, ಅದರಾಗ ಇನ್ನೊಂದು,
ಒಂದೊಂದಕ್ಕೂ ಕೆಂಪು ಗೆರಿ ಎಳದು ನೋಡಿದೆ
ಘಾಟಿಗೆ ಕಣ್ಣೊರಸಿಕೋತ.

ಸಿಕ್ತು. ಸಾಲಿನ ಎತ್ತರ: ಇಪ್ಪತ್ತು.
ನಾನ ಬರದದ್ದು, ಹುಬ್ಬಳ್ಳಿಯ ತಣ್ಣನ ಕೋಣ್ಯಾಗ,
ಒತ್ತಿಲ್ಲದ ಇಂಗ್ಲಿಷ್ ಹೆಸರು ಹಾಕಿ ನೋಡಿ.

ಅಂಕಿ ಅಳಿಸಿದೆ.
ಎಷ್ಟು ಬೇಕೋ ಅಷ್ಟು ತಗೋ, ಅಂದೆ.
ಸಾಲು ತುಸು ಕೆಳಗಿಳೀತು;
ಲಕಾರದ ಬುಡಕ ಲಕಾರ, ವಕಾರದ ಬುಡಕ ವಕಾರ
ಚಕ್ಕಳಮಕ್ಕಳ ಹಾಕಿ ಕೂತವು.

ಮಲ್ಲವ್ವ ಖಾರದ ಬೆರಳಿಟ್ಟು ಓದಿದಳು,
ಆಮ್ಯಾಲೆ ಪಗಾರದ ಖಾನೆ ತೋರಿಸಿ:
“ಇದೂ ಹಿಂಗ ಹಿಗ್ಗತೈತೇನು?”