ಅವರೆಲ್ಲ ಒಬ್ಬರೇ ಎಂಬ ಪ್ರಮಾಣಪತ್ರ

ರಾಯಚೂರು ಕೋರ್ಟಿನ ಬೇವಿನ ಕೆಳಗೆ
ಇಪ್ಪತ್ತೆರಡು ವರ್ಷದಿಂದ ನಾನು ಟೈಪು ಹೊಡೆಯುವವಳು.
ಅಕ್ಕಿ ಗಿರಣಿಯ ಹೊಟ್ಟು ಹಾರಿ ಬಂದು
ರೋಲರಿನ ಮೇಲೆ ಕೂರುತ್ತದೆ;
ಊದಿ ಮುಂದಿನ ಸಾಲಿಗೆ ಹೋಗುತ್ತೇನೆ.

ಅರಬ್ ಮೊಹಲ್ಲಾದಿಂದ ಬಂದಳು ನೂರಿಯಾ,
ತೀರಿಹೋದ ಅಪ್ಪನನ್ನು
ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು.
ರೇಷನ್ ಕಾರ್ಡಿನಲ್ಲಿ ಆತ ಆಲಯಾಪೈ,
ಕರೆಂಟ್ ಬಿಲ್ಲಿನಲ್ಲಿ ಎಲ್. ಯಫೈ,
ಬ್ಯಾಂಕಿನ ಕಾಗದ ಶುರುವಾಗುವುದೇ
'ಡಿಯರ್ ಮಿಸ್ಟರ್ ಆಲ್' ಅಂತ,
ಹಳೆಯ ದೋಸ್ತನನ್ನು ಹೆಗಲು ತಟ್ಟಿ ಕರೆದಹಾಗೆ.
ಹಾಲಿನ ನಿಂಗಪ್ಪನ ವಹಿಯಲ್ಲಿ ಹೆಸರೇ ಇಲ್ಲ:
ಚಾವೂಸರ ಮನಿ, ಒಂದೂವರೆ ಲೀಟರ್.

"ಇವೆಲ್ಲಾ ಒಬ್ಬರೇ ಅಂತ ಬರೀರಿ ಅಕ್ಕಾ, ಇಂಗ್ಲೀಷಿನಾಗ."

ಇಂಗ್ಲೀಷು ನನಗೆ ಬೆರಳ ತುದಿಯ ಸಲೀಸು.
ಆದರೆ ಈ ಹೆಸರು ವಾಕ್ಯದಲ್ಲಿ
ಕುಂಡಿ ಊರಿ ಕೂರಲೊಲ್ಲದು.
'ದಿ ಅಲ್ ಯಾಫಯಿ ಫ್ಯಾಮಿಲಿ' ಅಂತ ಹೊಡೆದೆ.
"ಅಲ್ ಅಂದ್ರೇ ದಿ, ಅಕ್ಕಾ," ಅಂದಳು.
ಹಾಗಾದರೆ ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರು;
ಅವಳ ಮುತ್ತಜ್ಜ ನಿಜಾಮನ ಬಾಗಿಲು ಕಾಯಲು
ಹಡಗು ಹತ್ತಿ ಬಂದದ್ದು ಒಬ್ಬನೇ ಅಂತೆ.
ಒಂದನ್ನು ಅಳಿಸಿದೆ.
'ಆನ್ ಅಲ್ ಯಾಫಯಿ' ಅಂದು ನೋಡಿದೆ:
ಒಬ್ಬ ಆ. ಯಾವ ಆ?
ನಮ್ಮ ತಹಸೀಲ್ ಗುಮಾಸ್ತ ಮಾತ್ರ
ಕನ್ನಡದ ಕಿವಿಯಿಂದಲೇ ಕೇಳಿದ್ದ:
"ಅಲ್ಲ ಯಾಫಯಿ ಅಂದ್ರ? ಹೌದೋ ಅಲ್ಲೋ,
ಒಂದು ಹೇಳಮ್ಮ."

ಶಾಲೆಯಲ್ಲೂ ಹೀಗೇ ಆಯಿತಂತೆ. ಅವಳಿ ಮಕ್ಕಳು,
ಅಣ್ಣ 'ಎ' ಸಾಲಿನಲ್ಲಿ ಮೊದಲ ಬೆಂಚು,
ಇವಳನ್ನು 'ವೈ' ಎಂದು ಗೋಡೆಗೆ ಒರಗಿಸಿದರು.
ಬುತ್ತಿಯ ಡಬ್ಬಿ ಒಂದೇ;
ಐವತ್ತು ಹೆಸರು ದಾಟಿ ಬರುವಷ್ಟರಲ್ಲಿ
ಖೀಮಾ ಮುಗಿದು ರೊಟ್ಟಿ ಉಳಿದಿರುತ್ತಿತ್ತು.

ಆತನನ್ನು ನಾನೂ ಬಲ್ಲೆ.
ತೀನ್ ಕಂದೀಲಿನ ಹತ್ತಿರ ಬೀಗ ರಿಪೇರಿ, ಸಾಲಿಂ ಚಾವೂಸ.
ಟೈಪು ಪೆಟ್ಟಿಗೆಯ ಕೀಲಿ ಕಳೆದ ದಿನ
ತಂತಿಯೊಂದನ್ನು ತೂರಿಸಿ ಕಣ್ಣು ಮುಚ್ಚಿ
ಒಳಗಿನ ಹಲ್ಲುಗಳನ್ನು ಎಣಿಸುತ್ತ ಹೇಳಿದ್ದ:
"ನಮ್ಮ ಹೆಸರಿನಾಗ ಒಂದಕ್ಷರ ಅದ ನೋಡ್ರಿ, ಐನ್.
ಗಂಟಲ ತಳದಿಂದ ಬರಬೇಕು,
ಆಳ ಬಾವ್ಯಾಗಿಂದ ಕೊಡ ಎತ್ತಿದಂಗ."
ನಾನು ಎತ್ತಲು ಹೋಗಿ ಕೆಮ್ಮಿದೆ.
ಆತ ನಕ್ಕ. "ನನಗೂ ಬರಂಗಿಲ್ರೀ.
ಅಜ್ಜಗ ಬರ್ತಿತ್ತು."

ಆ ಅಕ್ಷರಕ್ಕೆ ಇಂಗ್ಲೀಷು ಕೊಟ್ಟದ್ದು
ಮೇಲೆ ತೂಗುವ ಒಂದು ಕೊಕ್ಕೆ.
ನನ್ನ ಮಿಷನ್ನಿನಲ್ಲಿ ಅದು ಎಂಟರ ತಲೆಯ ಮೇಲಿದೆ,
ಶಿಫ್ಟು ಒತ್ತಿ ಗುದ್ದಬೇಕು.
ಯಾರದೋ ಸ್ವತ್ತು ಎನ್ನಲು ಹಾಕುತ್ತಾರೆ,
ಏನೋ ಬಿಟ್ಟುಹೋಗಿದೆ ಎನ್ನಲೂ ಅದನ್ನೇ.
ಯಾವುದಕ್ಕೆ ಹಾಕಿದೆನೋ ನನಗೇ ತಿಳಿಯಲಿಲ್ಲ.

ಯಾಫಯಿ ಅಂದರೆ ಯಾಫದವನು, ಅಷ್ಟೇ.
ನನ್ನ ಅಡ್ಡಹೆಸರು ಗಬ್ಬೂರು.
ಗಬ್ಬೂರಿನಲ್ಲಿ ನಾನು ಒಂದು ರಾತ್ರಿಯೂ ಮಲಗಿಲ್ಲ;
ಬಸ್ಸಿನ ಕಿಟಕಿಯಿಂದ
ಯಾರದೋ ಎಮ್ಮೆ ಕಂಡ ನೆನಪು.
ನನ್ನನ್ನು ಯಾರೂ 'ದಿ ಗಬ್ಬೂರು' ಅನ್ನುವುದಿಲ್ಲ,
ಅದರ ಸ್ಪೆಲ್ಲಿಂಗಿಗೆ ಪ್ರಮಾಣ ಮಾಡು ಎಂದವರೂ ಇಲ್ಲ.

ಕಡೆಗೆ ಐದೂ ಹೆಸರು ಒಂದು ಸಾಲಿಗೆ ತಂದು
'ಆರ್ ಒನ್ ಅಂಡ್ ದಿ ಸೇಮ್ ಪರ್ಸನ್' ಹೊಡೆದೆ.
ತಡೆದೆ. ಆತ ಈಗ ಇಲ್ಲವಲ್ಲ, 'ವರ್' ಆಗಬೇಕಲ್ಲವೆ?
ವಕೀಲರು ಅತ್ತ ನೋಡುತ್ತಲೇ ಅಂದರು:
"ಹೆಸರು ಅದಾವಲ್ಲ. ಆರ್ ಇರಲಿ ಬಿಡು."

ಅರವತ್ತು ರೂಪಾಯಿ ಎಣಿಸಿ ಕೊಟ್ಟು ನೂರಿಯಾ
ಕಾರ್ಬನ್ನಿನ ತೆಳು ಹಾಳೆಯನ್ನು ಬಿಸಿಲಿಗೆ ಹಿಡಿದಳು.
ಎಂಟರ ಮೇಲಿನ ಕೊಕ್ಕೆ
ಹೆಸರಿದ್ದ ಕಡೆಯೆಲ್ಲ ಹಾಳೆ ತೂತು ಮಾಡಿತ್ತು.
ಕೆನ್ನೆಯ ಮೇಲೆ ಬೆಳಕಿನ ಸಾಸಿವೆಕಾಳು.

"ಇದು ನಡೀತದೇನಕ್ಕಾ?"

ಹೊಟ್ಟು ಊದಿದೆ.
"ನಡೀತದ," ಅಂದೆ.