ಒಳಚಿಲಕ

ಆ ಮನೆಯಲ್ಲಿ ನನ್ನ ಕೋಣೆಯ ಚಿಲಕ ಹೊರಗಿತ್ತು.
ಬೇರೇನೂ ಹೇಳುವುದಿಲ್ಲ ಈಗ.
ಹೇಳಿದ್ದೇನೆ: ಠಾಣೆಯಲ್ಲಿ ಮೂರು ಸಲ,
ರಾಯಭಾರ ಕಚೇರಿಯಲ್ಲಿ ಎರಡು ಸಲ,
ಫೋನಿನಲ್ಲಿ ಅಕ್ಕನಿಗೆ ಅರ್ಧ.
ಉಳಿದರ್ಧ ಅವಳೇ ತಿಳಿದುಕೊಂಡಳು,
ಊಟ ಆಯ್ತಾ ಅಂತ ಕೇಳಿ ಸುಮ್ಮನಾದಳು.

ಹನ್ನೊಂದು ತಿಂಗಳು.
ಬೆಳಗಿನ ಐದಕ್ಕೆ ಟಕ್, ತೆರೆಯಿತು.
ರಾತ್ರಿ ಒಂದಕ್ಕೆ ಟಕ್, ಮುಗಿಯಿತು.
ಕೆಲವು ರಾತ್ರಿ, ನಡುವೆ, ಇನ್ನೊಂದು ಟಕ್.

ಈಗ ಮುಹರಖ್‌ನ ಗಲ್ಲಿಯಲ್ಲಿ, ಮೀನಿನಂಗಡಿಯ ಮೇಲೆ
ನಾಲ್ವರಿಗೊಂದು ಕೋಣೆ.
ಹಗಲೆಲ್ಲ ಉಮ್ಮ್ ಖಲಫ್‌ಳ ಅಂಗಡಿಯಲ್ಲಿ
ಅಬಾಯಾಗಳಿಗೆ ಅಂಚು ಹೊಲಿಯುತ್ತೇನೆ.
ಕರಿ ಬಟ್ಟೆಗೆ ಕರಿ ದಾರ,
ಕಣ್ಣಿಗಿಂತ ಬೆರಳೇ ನೋಡಬೇಕು.

ನೋಡುತ್ತವೆ ನನ್ನ ಬೆರಳು.
ಶಿಡ್ಲಘಟ್ಟದಲ್ಲಿ ಹನ್ನೆರಡನೇ ವಯಸ್ಸಿಗೇ
ಕುದಿನೀರಲ್ಲಿ ಅದ್ದಿ, ರೇಷ್ಮೆಗೂಡಿನ ಎಳೆಯ ತುದಿ ಹುಡುಕಿದಂಥವು.
ತೂತಾದ ಗೂಡು ಸಿಕ್ಕರೆ ಮೇಸ್ತ್ರಿ ಎತ್ತಿ ಎಸೆಯುತ್ತಿದ್ದ:
'ಚಿಟ್ಟೆ ಹಾರಿದ್ದು, ಎಳೆ ಕಡಿದಿದೆ, ಕಾಸಿಗೂ ಬೇಡ.'
ಬೆಲೆಯೆಲ್ಲ
ಒಳಗೇ ಬೆಂದ ಹುಳುವಿನ ಗೂಡಿಗೆ.

ಮೊದಲ ವರ್ಷ ಬಾಗಿಲು ಮುಚ್ಚಿ ಸ್ನಾನ ಮಾಡಲಾಗಲಿಲ್ಲ.
ಇಥಿಯೋಪಿಯಾದ ಟಿಗಿಸ್ಟ್ ಬೆನ್ನು ತಿರುಗಿಸಿ
ಹೊಸ್ತಿಲಲ್ಲಿ ನಿಂತು ಕಾಯುತ್ತಿದ್ದಳು.
ಅವಳ ಹೆಸರಿಗೆ ತಾಳ್ಮೆ ಅಂತ ಅರ್ಥವಂತೆ.
ಬೈದುಕೊಂಡೇ ನಿಲ್ಲುತ್ತಿದ್ದಳು.

ಯಾರೋ ಅಂದರು: ಆಗಿದ್ದೆಲ್ಲ ಒಳ್ಳೆಯದಕ್ಕೇ,
ಕಷ್ಟ ನಿನ್ನನ್ನು ಗಟ್ಟಿ ಮಾಡಿತು.
ಇಲ್ಲ.
ಒಳ್ಳೆಯದಕ್ಕಲ್ಲ.
ಗಟ್ಟಿ ನಾನು ಮೊದಲೇ ಇದ್ದೆ,
ಕುದಿನೀರನ್ನು ಕೇಳಿ.

ಕಳೆದ ಚಳಿಯಲ್ಲಿ ಉಮ್ಮ್ ಖಲಫ್ ಒಂದು ಒರಟು ಶಾಲು ತಂದಳು,
ಅಂಚು ಬಿಟ್ಟಿದೆ, ಕಟ್ಟಿಕೊಡು ಅಂದಳು.
ಮುಟ್ಟಿದೊಡನೆ ಬೆರಳಿಗೆ ಗೊತ್ತಾಯಿತು:
ತೂತುಗೂಡಿನ ರೇಷ್ಮೆ.
ಹಿಂಜಿ, ಹತ್ತಿಯ ಹಾಗೆ ನೂತದ್ದು.
ಅಲ್ಲಲ್ಲಿ ಗಂಟು, ಹೊಳಪಿಲ್ಲ.
ಇಪ್ಪತ್ತು ವರ್ಷದಿಂದ ಹೊದೆಯುತ್ತಿದ್ದೇನೆ, ಬೆಚ್ಚಗಿದೆ, ಅಂದಳು ಅವಳು.
ನಾನು ಅಂದು ಅಂಚಿಗೆ ಎರಡು ಸಾಲು ಹೊಲಿದೆ.
ಒಂದಕ್ಕಷ್ಟೇ ಕಾಸು ತಗೊಂಡೆ.

ಹೋದ ಶುಕ್ರವಾರ ಏಳುನೂರು ಫಿಲ್ಸ್ ಕೊಟ್ಟು
ಹಿತ್ತಾಳೆಯ ಚಿಲಕ ತಂದೆ.
ನಾಲ್ಕು ಸ್ಕ್ರೂ. ಬಚ್ಚಲ ಬಾಗಿಲಿಗೆ, ಒಳಗಡೆ.
ಹಾಕಿದೆ. ಟಕ್.
ಕಾಲು ಸೋತು ಕೂತೆ.
ಎದ್ದು ತೆಗೆದೆ. ಹಾಕಿದೆ. ತೆಗೆದೆ.
ಏಳು ಸಲವೋ, ಎಂಟೋ, ಲೆಕ್ಕ ತಪ್ಪಿತು.

ಆಮೇಲೆ ನೀರು ಬಿಟ್ಟೆ.
ಆಗಸ್ಟಿನಲ್ಲಿ ಇಲ್ಲಿ ತಣ್ಣೀರಿನ ನಲ್ಲಿಯಲ್ಲೂ ಬಿಸಿಯೇ.
ತಲೆಗೂ ಹುಯ್ದುಕೊಂಡೆ, ನಿಧಾನಕ್ಕೆ.

ಟಿಗಿಸ್ಟ್ ಬಾಗಿಲು ಬಡಿದಳು. ಎಷ್ಟು ಹೊತ್ತು?
ಬಡಿದಳು,
ಬಡಿದು
ಕಾಯುತ್ತಿದ್ದಾಳೆ.

'ತಡಿಯೇ,' ಅಂದೆ ಕನ್ನಡದಲ್ಲೇ,
'ಸೋಪು ಹಚ್ಚಿದೀನಿ.'