ನೀಲಿ ತೊಟ್ಟಿ

ನಮ್ಮಪ್ಪ ಹೊನ್ನೂರಪ್ಪ ಸಮುದ್ರ ಕಂಡವನಲ್ಲ.
ಬಳ್ಳಾರಿಯ ಕೌಲ್ ಬಜಾರಿನಲ್ಲಿ
ಜೀನ್ಸ್ ಪ್ಯಾಂಟಿನ ಜೇಬುಗಳಿಗೆ ರಿವೆಟ್ ಹೊಡೆಯುತ್ತಿದ್ದ,
ದಿನಕ್ಕೆ ನಾಲ್ಕು ಸಾವಿರ.
ಬಲಗಾಲಿಗೆ ಪೆಡಲು, ಎಡ ಹೆಬ್ಬೆರಳಿಗೆ ಅರ್ಧ ಉಗುರು.

ಡೊಂಕಾದ ರಿವೆಟ್ಟುಗಳು ಅವನ ಪಾಲು.
ಟವೆಲಿನ ತುದಿಗೆ ಗಂಟು ಹಾಕಿ ತಂದು
ರಾತ್ರಿ ಅಡುಗೆಮನೆಯ ಬಲ್ಬಿನಡಿ
ಹಡಗು ಕಟ್ಟುತ್ತಿದ್ದ.
ಎಣ್ಣೆ ಡಬ್ಬಿಯ ತಗಡು, ಗೋಣಿಸೂಜಿಯ ಕಂಬ,
ನಾಲ್ಕು ಹೊಗೆಕೊಳವೆಗೆ ನಾಲ್ಕು ದಾರದ ಉರುಳೆ.
ರದ್ದಿಯಲ್ಲಿ ಸಿಕ್ಕ ಒಂದೇ ಹಾಳೆ ಅದರ ನಕ್ಷೆ:
ಜರ್ಮನಿಯ ಕವಚದ ಕ್ರೂಸರ್,
ನೀರಿಗಿಳಿದದ್ದು ಸಾವಿರದ ಒಂಬೈನೂರ ಆರರಲ್ಲಿ.

ಅವಳಿ ಹಡಗುಗಳಂತೆ. ಹೆಸರು ಅವನ ಬಾಯಿಗೆ ಬಗ್ಗಲಿಲ್ಲ.
ಅಣ್ಣನನ್ನು 'ಶರಣೋಸ್ಟು' ಅಂದ,
ತಮ್ಮನನ್ನು 'ನೈಸನಾವು'.
ನಮ್ಮ ಗುಡ್ಡದ ಸೀಮೆಯ ಹಳೇ ಕಲ್ಲಿಗೂ
ನೈಸ್ ಅಂತಲೇ ಹೆಸರು, ಮೇಷ್ಟ್ರು ಹೇಳಿದ್ದರು, ನಾನು ಹೇಳಿದೆ.
ಅಪ್ಪ ಕೈ ನಿಲ್ಲಿಸಿ ಕಿಟಕಿಯಾಚೆ ನೋಡಿದ.
ಒಂದೇ ಬಂಡೆಯ ಕೋಟೆಗುಡ್ಡ, ಬೂದು ಮೈ,
ಲಂಗರು ಹಾಕಿ ನಿಂತಿತ್ತು, ನೀರಿಗೆ ಕಾಯುತ್ತ.
"ಹಂಗಾರೆ ನಮ್ದೂ ಒಂದು ಐತಿ," ಅಂದ.

ಆ ಹಡಗಿನ ಲೆಕ್ಕ ಸರಳ, ಅನ್ನುತ್ತಿದ್ದ:
ನಿನಗಿಂತ ಬಲವಾದವ ಬಂದರೆ ಓಡು,
ನಿನಗಿಂತ ಚುರುಕಾದವ ಬಂದರೆ ಹೊಡಿ.
"ಎರಡೂ ಇದ್ದಾವ ಬಂದ್ರೆ?"
ಅಮ್ಮ ರೊಟ್ಟಿ ತಟ್ಟುತ್ತಲೇ ಕೇಳಿದಳು.
ಅಪ್ಪ ರಿವೆಟ್ಟೊಂದನ್ನು ತುಟಿಯಲ್ಲಿ ಕಚ್ಚಿಕೊಂಡ.

ಒಂದು ಸಲ ಗೆದ್ದವಂತೆ ಅವು, ಚಿಲಿಯ ಕಡಲಲ್ಲಿ.
ಗೆದ್ದ ಮೇಲೆ ನೋಡಿದರೆ ಗುಂಡು ಅರ್ಧ ಖಾಲಿ,
ತುಂಬಿಕೊಳ್ಳಲು ಹತ್ತಿರ ತಮ್ಮದೊಂದು ಬಂದರಿಲ್ಲ.
ಅಟ್ಟದ ಮೇಲೆಲ್ಲ ಕಲ್ಲಿದ್ದಲು ರಾಶಿ,
ನಾವಿಕರ ಹಲ್ಲು ಮಾತ್ರ ಬೆಳ್ಳಗೆ.

ದೀಪಾವಳಿ ಕಳೆದು ಅಂಗಡಿಗೆ ಹೊಸ ಮೆಷಿನ್ ಬಂತು.
ಪೆಡಲಿಲ್ಲ. ತಾನೇ ರಿವೆಟ್ ನುಂಗಿ ತಾನೇ ಉಗುಳುತ್ತದೆ.
ಎಲ್ಲರೂ ಸುತ್ತ ನಿಂತು ನೋಡಿದರು.
ಅಪ್ಪ ಅದರ ಹೊಟ್ಟೆ ಮುಟ್ಟಿ
ಬಿಸಿ ಇದೆಯಾ ಅಂತ ನೋಡಿದನಂತೆ.

ಡಿಸೆಂಬರ್ ಎಂಟು. ತಾರೀಖು ಅವನೇ ಆರಿಸಿದ್ದು.
ಮುಂಡ್ರಿಗಿಯ ವಾಷಿಂಗ್ ಘಟಕ, ರಾತ್ರಿ ಪಾಳಿ,
ಖಾದರ್‌ಬಾಷಾ ಬೀಗ ತೆಗೆದ.
ತೊಟ್ಟಿ ತುಂಬ ಪ್ಯಾಂಟುಗಳು ಬಿಟ್ಟ ನೀಲಿ,
ಅದರ ಮೇಲೆ ಸ್ಟೋನ್‌ವಾಶಿನ ಕಲ್ಲು:
ಟರ್ಕಿಯಿಂದ ಬರುತ್ತವಂತೆ,
ಕಲ್ಲಾಗಿಯೂ ತೇಲುತ್ತವೆ.

ಕೂಸಿಗೆ ಮೊದಲ ನೀರು ಎರೆಯುವವನ ಹಾಗೆ
ಬಗ್ಗಿ ಇಳಿಸಿದ.
ಎರಡು ಮಾರು ನೆಟ್ಟಗೆ ಹೋಯಿತು, ದೇವರಾಣೆ.
ಆಮೇಲೆ ಎಡಕ್ಕೆ ವಾಲಿತು.
ಮೇಲೆ ತಾಮ್ರ ಜಾಸ್ತಿಯಾಗಿತ್ತು, ಬುಡ ಸಾಲದು.
ವಾಲಿ, ಇನ್ನೂ ವಾಲಿ,
ಎಣ್ಣೆ ಕಂಪನಿಯ ಸೂರ್ಯಕಾಂತಿ ಹೂವಿನ ಹೊಟ್ಟೆ ತೋರಿಸಿ
ಗುಳುಂ.

ಖಾದರ್‌ಬಾಷಾ ನಕ್ಕು ಕೊಕ್ಕೆ ತಂದ.
ಬೇಡ, ಅಂದ ಅಪ್ಪ.
ಎದ್ದ ಅಲೆಗೆ ಕಲ್ಲುಗಳು ಒಂದನ್ನೊಂದು ತಾಕುತ್ತಿದ್ದವು,
ತಲೆಗಳ ಹಾಗೆ.

"ಎಷ್ಟು ಮಂದೀನ ಎತ್ತಿದರಪ್ಪಾ?"
"ತಮ್ಮನಿಂದ ಇನ್ನೂರಕ್ಕೆ ಕಡಿಮೆ.
ಅಣ್ಣನಿಂದ ಒಬ್ರನ್ನೂ ಇಲ್ಲ."
"ಉಳಿದೋರು?"
"ನೀರು ತಣ್ಣಗಿತ್ತಂತೆ."

ಬಿಸಿಲಿಗೆ ಸತ್ತವರನ್ನು ನಾವು ಬಲ್ಲೆವು.
ತಣ್ಣನೆಯ ನೀರು ಕೊಲ್ಲುತ್ತದೆ ಎಂಬುದು
ಈ ಊರಿನ ಕಿವಿಗೆ ಹೊಸದು.

ಅಪ್ಪ ತೋಳು ಮಡಚಿದ.
ಒಂದೊಂದೇ ಕಲ್ಲನ್ನು ಎತ್ತಿ, ನೀರು ಜಾಡಿಸಿ,
ತೊಟ್ಟಿಯ ದಂಡೆಯ ಮೇಲೆ ಸಾಲಾಗಿ ಇಡತೊಡಗಿದ.
ಎಣಿಕೆ ತಪ್ಪಿದರೆ ಮೊದಲಿಂದ.
ಬೆಳಗಿನ ಪಾಳಿಯವರು ಬಂದು ಬಾಗಿಲಲ್ಲೇ ನಿಂತರು.

ಮೊಣಕೈವರೆಗೆ ಹತ್ತಿದ ನೀಲಿ
ಸಂಕ್ರಾಂತಿಯಾದರೂ ಹೋಗಲಿಲ್ಲ.
ಆ ಕೈಯಲ್ಲೇ ಉಣ್ಣುತ್ತಿದ್ದ,
ಅಮ್ಮ ತೊಳಿ ಅನ್ನುವುದನ್ನು ಬಿಟ್ಟಿದ್ದಳು.